ಸಂವೇದಕ ಮಾಹಿತಿ ಸಂಯೋಜನೆ, ರಣರಂಗದಲ್ಲಿ

ಹಲವು ಸಂವೇದಕಗಳು, ಅಂದರೆ ಸೆನ್ಸರ್‌ಗಳು, ಬೇರೆ ಬೇರೆ ಜಾಗದಿಂದ ಬೇರೆ ಬೇರೆ ಬಗೆಯಲ್ಲಿ ಕಂಡದ್ದನ್ನು ಒಂದೆಡೆ ಕೂಡಿಸಿ, ಅದನ್ನು ಕಾದಾಡುವವನಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವ ವ್ಯವಸ್ಥೆ. ರೇಡಾರ್, ಸೋನಾರ್, ಶಾಖದಿಂದ ಆಕಾರ ತೋರಿಸುವ ಥರ್ಮಲ್ ಕ್ಯಾಮೆರಾ, ಡ್ರೋನ್, ಉಪಗ್ರಹ, ನೆಲದಲ್ಲಿ ಹುಗಿದಿಟ್ಟ ಕಂಪನ ಗ್ರಾಹಕ, ಶತ್ರುವಿನ ರೇಡಿಯೊ ಆಲಿಸುವ ಯಂತ್ರ, ಚೌಕಿಯಲ್ಲಿ ನಿಂತ ಜವಾನನ ಕಣ್ಣು ಇವೆಲ್ಲವೂ ಇಲ್ಲಿ ಸಂವೇದಕಗಳೇ. ಸೇನೆಯವರು ಇದನ್ನು ಡೇಟಾ ಫ್ಯೂಷನ್, ಸೆನ್ಸರ್ ಫ್ಯೂಷನ್ ಎಂದೇ ಕರೆಯುತ್ತಾರೆ. ಕೂಡಿಸುವ ಗಣಿತ ಈಗ ಬಹುಮಟ್ಟಿಗೆ ಕೈವಶವಾಗಿದೆ. ಕೂಡಿಸಿದ್ದನ್ನು ಹಂಚುವುದು ಇನ್ನೂ ಕಷ್ಟ. ಅದಕ್ಕಿಂತ ಕಷ್ಟವಾದದ್ದು ಮಾಹಿತಿಯ ಜೊತೆಗೆ ಅದರಲ್ಲಿರುವ ಅನುಮಾನವನ್ನೂ ಹಂಚುವುದು. ಈ ಕ್ಷೇತ್ರದ ದೊಡ್ಡ ದುರಂತಗಳಲ್ಲಿ ಹಲವು ಈ ಮೂರನೆಯದು ತಪ್ಪಿದ್ದರಿಂದಲೇ ಆದವು.

ವಿಶಾಖಪಟ್ಟಣದ ಪಾಠ

ವಿಷಯ ಏನೆಂದು ತಿಳಿಯಲು ವಿಶಾಖಪಟ್ಟಣದ ಒನ್ ಟೌನ್‌ಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಒನ್ ಟೌನ್ ಎಂದರೆ ಹಳೆಯ ಊರು, ಕುರುಪಾಂ ಮಾರುಕಟ್ಟೆಯ ಇಕ್ಕಟ್ಟಿನ ಬೀದಿಗಳು, ಅವುಗಳ ಅಂಚಿಗೇ ಬಂದರು. ಸಾಲಾಗಿ ಮೂರು ಗುಡ್ಡಗಳ ಮೇಲೆ ಒಂದು ಇಗರ್ಜಿ, ಒಂದು ದರ್ಗಾ, ಒಂದು ವೆಂಕಟೇಶ್ವರನ ಗುಡಿ. ಬಂದರಿನ ಬಾಯಿಯ ಆಚೆಗೆ ಡಾಲ್ಫಿನ್ಸ್ ನೋಸ್ ಎಂಬ ಬಂಡೆಗುಡ್ಡ, ಅದರ ಮೇಲೊಂದು ದೀಪಸ್ತಂಭ. ಗುಡ್ಡ ಹತ್ತಿ ನಿಂತರೆ ಒಳಬರುವ ಹಡಗು ಬರಿಗಣ್ಣಿಗೆ ಕಾಣುತ್ತದೆ. ಆದರೆ ಭೂಮಿ ಗುಂಡಗಿದೆ: ನೂರು ಮೀಟರ್ ಎತ್ತರದಿಂದ ನೋಡಿದರೂ ಕಡಲಿನ ಅಂಚು ಸುಮಾರು 36 ಕಿ.ಮೀ. ದೂರದಲ್ಲಿ ಮುಗಿದುಹೋಗುತ್ತದೆ. ಅದರಾಚೆ ಇರುವುದನ್ನು ತಿಳಿಯಬೇಕಾದರೆ ಇನ್ನೊಬ್ಬರ ಕಣ್ಣನ್ನು ನಂಬಬೇಕು.

1942ರ ಏಪ್ರಿಲ್ 6ರಂದು ಜಪಾನಿನ ವಿಮಾನವಾಹಕ ಹಡಗು ರ್ಯೂಜೋದಿಂದ ಹಾರಿದ ವಿಮಾನಗಳು ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಬಾಂಬು ಹಾಕಿದವು. ಸಿಡಿಯದೆ ಉಳಿದ ಬಾಂಬೊಂದರ ಚಿಪ್ಪನ್ನು ಬೀಚ್ ರಸ್ತೆಯ ವಿಶಾಖ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಎರಡು ದಿನ ಮೊದಲು, ಏಪ್ರಿಲ್ 4ರಂದು, ಸಿಂಹಳದ ದಕ್ಷಿಣಕ್ಕೆ ಕಾವಲು ಹಾರಾಟದಲ್ಲಿದ್ದ ಕೆನಡದ ವಿಮಾನಚಾಲಕ ಲೆನರ್ಡ್ ಬರ್ಚಲ್ ಜಪಾನಿನ ಮುಖ್ಯ ನೌಕಾಪಡೆಯನ್ನು ಕಂಡಿದ್ದ. ಅದರ ಸುದ್ದಿಯನ್ನು ನಿಸ್ತಂತುವಿನಲ್ಲಿ ಕಳಿಸುತ್ತಿರುವಾಗಲೇ ಅವನ ವಿಮಾನವನ್ನು ಹೊಡೆದುರುಳಿಸಿದರು, ಅವನು ಸೆರೆಯಾದ. ಅವನ ಸಂದೇಶದಿಂದ ಕೊಲಂಬೊ ಎಚ್ಚೆತ್ತುಕೊಂಡಿತು. ಅಷ್ಟರಲ್ಲಿ ಬಂಗಾಳ ಕೊಲ್ಲಿಗೆ ನುಗ್ಗಿದ್ದ ಇನ್ನೊಂದು ತುಕಡಿ ಇಪ್ಪತ್ತಕ್ಕೂ ಹೆಚ್ಚು ವ್ಯಾಪಾರಿ ಹಡಗುಗಳನ್ನು ಮುಳುಗಿಸಿತು. ದಕ್ಷಿಣದಲ್ಲಿ ಒಬ್ಬ ಪ್ರಾಣವನ್ನೇ ಪಣಕ್ಕಿಟ್ಟು ಕಂಡದ್ದು ಉತ್ತರದ ಕಡಲಿನಲ್ಲಿ ಸಾಗುತ್ತಿದ್ದ ಹಡಗುಗಳನ್ನು ಉಳಿಸಲಿಲ್ಲ.

ಎರಡನೆಯ ಪಾಠ 1971ರದು. ಭಾರತದ ವಿಮಾನವಾಹಕ ವಿಕ್ರಾಂತ್ ಎಲ್ಲಿದೆ ಎಂದು ಹುಡುಕುತ್ತ ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ವಿಶಾಖಪಟ್ಟಣದ ಹೊರಕಡಲಿಗೆ ಬಂದಿತ್ತು. ವಿಕ್ರಾಂತ್ ಆಗಲೇ ಅಂಡಮಾನಿನ ಕಡೆಗೆ ಹೋಗಿತ್ತು. ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಅವರ ಯೋಜನೆಯಂತೆ ಐಎನ್ಎಸ್ ರಜಪೂತ್ ಎಂಬ ಹಳೆಯ ಯುದ್ಧನೌಕೆ ಒಂದು ವಿಮಾನವಾಹಕಕ್ಕೆ ತಕ್ಕಷ್ಟು ನಿಸ್ತಂತು ಸಂದೇಶಗಳನ್ನು ಗಾಳಿಗೆ ಬಿಡುತ್ತಿತ್ತು. ಕದ್ದು ಕೇಳುವವರಿಗೆ ವಿಕ್ರಾಂತ್ ಇಲ್ಲಿಯೇ ಇದೆ ಎನಿಸಲಿ ಎಂಬುದು ಉದ್ದೇಶ. ಡಿಸೆಂಬರ್ 3–4ರ ನಡುರಾತ್ರಿಯ ಹೊತ್ತಿಗೆ ಘಾಜಿ ಮುಳುಗಿತು. ರಜಪೂತ್ ಹಾಕಿದ ಡೆಪ್ತ್ ಚಾರ್ಜಿನಿಂದ ಎಂಬುದು ಭಾರತೀಯ ನೌಕಾಪಡೆಯ ವಿವರಣೆ, ಒಳಗಿನ ಸ್ಫೋಟದಿಂದ ಅಥವಾ ತಾನೇ ಹಾಕಿದ್ದ ಮೈನಿನಿಂದ ಎಂಬುದು ಪಾಕಿಸ್ತಾನದ್ದು. ಮುಳುಗಿದ್ದು ಹೇಗೇ ಇರಲಿ, ಅದು ಬಂದು ನಿಂತ ಜಾಗ ತಪ್ಪು. ಕೇಳಿಸಿಕೊಂಡ ಒಂದೇ ಬಗೆಯ ಸುಳಿವನ್ನು ಇನ್ನೊಂದು ಬಗೆಯ ಸುಳಿವಿನ ಜೊತೆ ತಾಳೆ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಟುವಾದ ಉದಾಹರಣೆ ಬೇಡ.

ಅದೇ ಬೀಚ್ ರಸ್ತೆಯಲ್ಲಿ ದಡಕ್ಕೆಳೆದು ನಿಲ್ಲಿಸಿರುವ ಕುರ್ಸುರ ಜಲಾಂತರ್ಗಾಮಿಯೊಳಗೆ 2002ರಿಂದ ಜನ ಟಿಕೆಟ್ ಕೊಂಡು ಹೋಗಿಬರುತ್ತಾರೆ. ಸುಮಾರು 91 ಮೀಟರ್ ಉದ್ದದ ಆ ಉಕ್ಕಿನ ಕೊಳವೆಯಲ್ಲಿ ತಲೆ ತಗ್ಗಿಸಿ, ಗುಂಡನೆಯ ಕಿಂಡಿಗಳಲ್ಲಿ ನುಸುಳಿ ಸಾಗಬೇಕು. ಸೋನಾರ್ ಜಾಗದಲ್ಲಿ ಕೂತವನಿಗೆ ಕಿವಿಯೇ ಎಲ್ಲ. ಅವನಿಗೆ ಕೇಳಿಸಿದ್ದು ಕಮಾಂಡರನಿಗೆ ಮುಟ್ಟುತ್ತಿದ್ದುದು ಬಾಯಿಮಾತಿನಲ್ಲಿ. ಎದುರಿಗೇ ಇರುವ ಟಿಯು-142 ಗಸ್ತು ವಿಮಾನದ ಮ್ಯೂಸಿಯಮ್ಮಿನಲ್ಲಿ ಸೋನೊಬಾಯ್‌ಗಳನ್ನು ಕಾಣಬಹುದು. ವಿಮಾನದಿಂದ ಕಡಲಿಗೆ ಎಸೆದರೆ ತೇಲುತ್ತ ನೀರಿನೊಳಗಿನ ಸದ್ದನ್ನು ರೇಡಿಯೊದಲ್ಲಿ ಮೇಲಕ್ಕೆ ಕಳಿಸುವ ಕೊಳವೆಗಳು ಅವು. ಒಂದು ನೀರಿನ ಕೆಳಗಿನ ಕಿವಿ, ಇನ್ನೊಂದು ಆಕಾಶದಿಂದ ಇಳಿಬಿಟ್ಟ ಕಿವಿ. ಇವೆರಡನ್ನೂ ಹೊತ್ತಿಗೆ ಸರಿಯಾಗಿ ಜೋಡಿಸುವುದೇ ಈ ಲೇಖನದ ವಿಷಯ.

ಕೂಡಿಸುವ ಲೆಕ್ಕ

ಕೂಡಿಸುವ ಕೆಲಸ ಕಂಪ್ಯೂಟರಿಗಿಂತ ಹಳೆಯದು. 1940ರಲ್ಲಿ ಜರ್ಮನಿಯ ವಿಮಾನಗಳು ಬ್ರಿಟನ್ನಿನ ಮೇಲೆ ಬಂದಾಗ ಕರಾವಳಿಯ ಚೈನ್ ಹೋಮ್ ರೇಡಾರ್‌ಗಳ ವರದಿ ಲಂಡನ್ ಬಳಿಯ ಬೆಂಟ್ಲಿ ಪ್ರಯರಿಯಲ್ಲಿದ್ದ ಫಿಲ್ಟರ್ ಕೋಣೆಗೆ ಟೆಲಿಫೋನಿನಲ್ಲಿ ಬರುತ್ತಿತ್ತು. ಒಂದೇ ವಿಮಾನದ ಗುಂಪನ್ನು ಮೂರು ರೇಡಾರ್‌ಗಳು ಮೂರು ಜಾಗದಲ್ಲಿ ತೋರಿಸಿದರೆ, ಅವು ಮೂರೋ ಒಂದೋ ಎಂದು ಅಲ್ಲಿ ತೀರ್ಮಾನವಾಗಬೇಕು. ತೀರ್ಮಾನವಾದ ಮೇಲೆ ದೊಡ್ಡ ನಕ್ಷೆಯ ಮೇಜಿನ ಮೇಲೆ ಮಹಿಳಾ ಸಹಾಯಕ ಪಡೆಯ ಹುಡುಗಿಯರು ಬಿಲ್ಲೆಗಳನ್ನು ಕೋಲಿನಿಂದ ಸರಿಸುತ್ತಿದ್ದರು. ಗೋಡೆಯ ಗಡಿಯಾರದ ಮುಖವನ್ನು ಐದೈದು ನಿಮಿಷಗಳ ಕೆಂಪು, ಹಳದಿ, ನೀಲಿ ತ್ರಿಕೋನಗಳಾಗಿ ಭಾಗ ಮಾಡಿದ್ದರು. ವರದಿ ಬಂದ ಹೊತ್ತಿನಲ್ಲಿ ಮುಳ್ಳು ಯಾವ ಬಣ್ಣದ ಮೇಲಿತ್ತೋ ಅದೇ ಬಣ್ಣದ ಬಿಲ್ಲೆ. ಮೇಜನ್ನು ಒಮ್ಮೆ ನೋಡಿದರೆ ಸಾಕು, ಯಾವ ಸುದ್ದಿ ಹೊಸದು, ಯಾವುದು ಹಳಸಿದ್ದು ಎಂದು ಗೊತ್ತಾಗುತ್ತಿತ್ತು. ಸುದ್ದಿಯ ವಯಸ್ಸನ್ನು ಇಷ್ಟು ಸರಳವಾಗಿ ಕಣ್ಣಿಗೆ ಕಾಣಿಸಿದ ಪರದೆ ಆಮೇಲೆ ಬಂದ ಕಂಪ್ಯೂಟರ್‌ಗಳಲ್ಲಿ ಅಪರೂಪ.

ಇವತ್ತಿನ ಲೆಕ್ಕ ಹೀಗೆ ಸಾಗುತ್ತದೆ. ಮೊದಲು ಎಲ್ಲ ಸಂವೇದಕಗಳ ಗಡಿಯಾರ ಒಂದಾಗಬೇಕು, ಎಲ್ಲವೂ ಒಂದೇ ನಕ್ಷೆಯ ಲೆಕ್ಕದಲ್ಲಿ ಮಾತಾಡಬೇಕು. ಸೆಕೆಂಡಿಗೆ 250 ಮೀಟರ್ ಹಾರುವ ವಿಮಾನದ ವಿಷಯದಲ್ಲಿ ಗಡಿಯಾರ ಒಂದು ಸೆಕೆಂಡ್ ತಪ್ಪಿದರೆ ಜಾಗ 250 ಮೀಟರ್ ತಪ್ಪುತ್ತದೆ, ಒಂದು ವಿಮಾನ ಎರಡಾಗಿ ಕಾಣುತ್ತದೆ. ಆಮೇಲೆ ಯಾವ ಚುಕ್ಕೆ ಯಾವ ಚುಕ್ಕೆಗೆ ಸೇರಿದ್ದು ಎಂಬ ಜೋಡಣೆ. ಆಮೇಲೆ ಜೋಡಿಸಿದ ಚುಕ್ಕೆಗಳಿಂದ ದಾರಿ, ವೇಗ, ಮುಂದಿನ ಜಾಗದ ಅಂದಾಜು. 1960ರಲ್ಲಿ ರುಡಾಲ್ಫ್ ಕಾಲ್ಮನ್ ಪ್ರಕಟಿಸಿದ ಶೋಧಕ ಈ ಮೂರನೆಯ ಹೆಜ್ಜೆಯ ಬೆನ್ನೆಲುಬು. ಗುರಿ ಯಾವುದು, ನಮ್ಮದೋ ಅವರದೋ, ಅದರ ಉದ್ದೇಶವೇನು ಎಂಬ ಮೇಲಿನ ಮೆಟ್ಟಿಲುಗಳನ್ನು ಅಮೆರಿಕದ ರಕ್ಷಣಾ ಪ್ರಯೋಗಾಲಯಗಳ ಒಕ್ಕೂಟ 1980ರ ದಶಕದಲ್ಲಿ ವರ್ಗೀಕರಿಸಿತು. ಮೇಲೇರಿದಷ್ಟೂ ಗಣಿತ ಕಡಿಮೆ, ಊಹೆ ಹೆಚ್ಚು.

ರೇಡಾರ್ ದೂರವನ್ನು ಚೆನ್ನಾಗಿ ಅಳೆಯುತ್ತದೆ, ದಿಕ್ಕನ್ನು ಅಷ್ಟು ಚೆನ್ನಾಗಿ ಅಲ್ಲ. ದಿಕ್ಕಿನಲ್ಲಿ ಒಂದು ಡಿಗ್ರಿ ತಪ್ಪಿದರೆ 20 ಕಿ.ಮೀ. ದೂರದಲ್ಲಿ ಸುಮಾರು 350 ಮೀಟರ್ ಅತ್ತಿತ್ತ. ಲಂಬ ದಿಕ್ಕಿನಿಂದ ಇನ್ನೊಂದು ರೇಡಾರ್ ಅದನ್ನೇ ನೋಡಿದರೆ ಎರಡರ ದೂರದ ಅಳತೆಗಳು ಅಡ್ಡಡ್ಡ ಕೂಡಿ ಗುರಿ ಚಿಕ್ಕ ಚೌಕದೊಳಕ್ಕೆ ಬರುತ್ತದೆ. ಇದು ಸಂಯೋಜನೆಯ ನಿಜವಾದ ಲಾಭ. ಒಂದೇ ಕಡೆಯಿಂದ ಒಂದೇ ಬಗೆಯಲ್ಲಿ ನೋಡುವ ಇನ್ನೊಂದು ಯಂತ್ರ ಸೇರಿಸಿದರೆ ಬರುವ ಲಾಭ ಅಲ್ಪ: 10 ಮೀಟರ್ ದೋಷದ ಅಳತೆಗೆ 30 ಮೀಟರ್ ದೋಷದ ಅಳತೆಯನ್ನು ಸರಿಯಾದ ತೂಕ ಕೊಟ್ಟು ಕೂಡಿಸಿದರೆ ಉಳಿಯುವ ದೋಷ ಸುಮಾರು ಒಂಬತ್ತೂವರೆ ಮೀಟರ್. ಟೆಂಡರಿನಲ್ಲಿ ಸಂವೇದಕಗಳ ಸಂಖ್ಯೆ ನೋಡಿ ಮೆಚ್ಚುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಎಷ್ಟು ಜಾಣತನದಿಂದ ಕೂಡಿಸಿದರೂ ಕೈಯಲ್ಲಿರುವ ಅಳತೆಗಳಿಂದ ಒಂದು ಮಿತಿಗಿಂತ ಕಡಿಮೆ ದೋಷದ ಉತ್ತರ ಬರುವುದಿಲ್ಲ. ಆ ಮಿತಿಗೆ ಕ್ರಾಮೇರ್–ರಾವ್ ಮಿತಿ ಎಂದು ಹೆಸರು. ಅದರ ರಾವ್ ನಮ್ಮವರು: ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್. ಗೂಡೂರು, ವಿಜಯವಾಡದ ಆಸುಪಾಸಿನ ನೂಜಿವೀಡು ಮತ್ತು ನಂದಿಗಾಮ, ಆಮೇಲೆ ವಿಶಾಖಪಟ್ಟಣ ಹೀಗೆ ಓದುತ್ತ ಹೋಗಿ ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎ. ಮಾಡಿದರು. ಯುದ್ಧಕಾಲದಲ್ಲಿ ಸೈನ್ಯದ ಸರ್ವೆ ವಿಭಾಗದ ಕೆಲಸ ಹುಡುಕಿಕೊಂಡು ಕಲ್ಕತ್ತಕ್ಕೆ ಹೋದರು, ಆ ಕೆಲಸ ಸಿಗಲಿಲ್ಲ. ಅಲ್ಲಿಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸೇರಿ 1945ರಲ್ಲಿ ಆ ಮಿತಿಯ ಪ್ರಬಂಧ ಪ್ರಕಟಿಸಿದರು. ಚುಕ್ಕೆ ಜೋಡಿಸುವ ಎರಡನೆಯ ಹೆಜ್ಜೆಯಲ್ಲಿ ಬಳಸುವ ಅಳತೆಗೋಲು, ಅಂದರೆ ಎರಡು ಬಿಂದುಗಳ ಅಂತರವನ್ನು ಅವುಗಳ ಚೆದುರುವಿಕೆಯ ಲೆಕ್ಕದಲ್ಲಿ ಅಳೆಯುವುದು, ಅದೇ ಸಂಸ್ಥೆಯ ಪಿ. ಸಿ. ಮಹಲನೋಬಿಸ್ 1936ರಲ್ಲಿ ಕೊಟ್ಟದ್ದು. ಜಗತ್ತಿನ ಯಾವುದೇ ದೇಶದ ಟ್ರ್ಯಾಕಿಂಗ್ ಪುಸ್ತಕ ತೆರೆದರೂ ಈ ಇಬ್ಬರ ಹೆಸರು ಇರುತ್ತದೆ. ಸೈನ್ಯ ಬೇಡವೆಂದ ಹುಡುಗನ ಗಣಿತ ಇವತ್ತು ಎಲ್ಲ ಸೈನ್ಯಗಳ ರೇಡಾರ್ ಲೆಕ್ಕದೊಳಗೂ ಕೂತಿದೆ.

ಲೆಕ್ಕದಲ್ಲಿ ಒಂದು ಹಳ್ಳವಿದೆ. ಒಬ್ಬ ಹೇಳಿದ ಸುದ್ದಿ ನಾಲ್ಕು ಬಾಯಿ ಸುತ್ತಿ ಬಂದರೆ ಅದು ನಾಲ್ಕು ಸಾಕ್ಷಿ ಆಗುವುದಿಲ್ಲ ಎಂದು ಊರ ಪಂಚಾಯ್ತಿಗೆ ಗೊತ್ತು, ನೆಟ್‌ವರ್ಕಿಗೆ ಗೊತ್ತಿರುವುದಿಲ್ಲ. ಒಂದು ಡ್ರೋನ್ ಕಂಡದ್ದು ಬೇರೆ ಬೇರೆ ಕೇಂದ್ರಗಳ ಮೂಲಕ ಮೂರು ಸಲ ಬಂದರೆ ಯಂತ್ರ ಮೂರು ಸಾಕ್ಷಿ ಎಂದು ತಿಳಿದು ಆ ಗುರಿಯ ಮೇಲೆ ವಿಶ್ವಾಸ ಹೆಚ್ಚಿಸಿಕೊಳ್ಳುತ್ತದೆ. ಈ ದೋಷ ತಡೆಯುವ ವಿಧಾನಗಳು 1990ರ ದಶಕದಿಂದ ಬಂದಿವೆ. ಬಂದ ಸುದ್ದಿ ಎಲ್ಲಿಂದ ಹೊರಟಿತು ಎಂಬ ಗುರುತು ಕೊನೆಯವರೆಗೂ ಅಂಟಿಕೊಂಡಿರಬೇಕು ಎಂಬುದು ಅವುಗಳಲ್ಲಿ ಕೆಲವುಗಳ ಮೂಲ ನೀತಿ.

ಹಂಚುವ ಜಾಲ

ಚಿತ್ರ ಹಂಚಲು ರೇಡಿಯೊ ಬೇಕು, ರೇಡಿಯೊದಲ್ಲಿ ಜಾಗ ಕಡಿಮೆ. ನ್ಯಾಟೊ ದೇಶಗಳ ಲಿಂಕ್-16 ಎಂಬ ಜಾಲ ಒಂದು ಸೆಕೆಂಡನ್ನು 128 ಚೂರುಗಳಾಗಿ ಹೋಳುಮಾಡಿ ಯಾರು ಯಾವ ಚೂರಿನಲ್ಲಿ ಮಾತಾಡಬೇಕೆಂದು ಮೊದಲೇ ಹಂಚಿಟ್ಟಿರುತ್ತದೆ. ವಿಡಿಯೊ ಕಳಿಸಲು ಅದರಲ್ಲಿ ಆಸ್ಪದವಿಲ್ಲದಷ್ಟು ಇಕ್ಕಟ್ಟು, ಆದರೆ ಗುರಿಯ ಜಾಗ, ವೇಗ, ಗುರುತು ಇವಕ್ಕೆ ಸಾಕು. ಭಾರತದ ಪಶ್ಚಿಮ ತೀರದಲ್ಲಿ 2019ರ ಮೇ 15ರಂದು ನಡೆದ ಪರೀಕ್ಷೆಯಲ್ಲಿ ಐಎನ್ಎಸ್ ಕೊಚ್ಚಿ ಮತ್ತು ಐಎನ್ಎಸ್ ಚೆನ್ನೈ ಹಡಗುಗಳು ಹಾರಿಸಿದ ಕ್ಷಿಪಣಿಗಳನ್ನು ಒಂದೇ ಹಡಗು ನಿಯಂತ್ರಿಸಿ ಬೇರೆ ಬೇರೆ ಗುರಿಗಳತ್ತ ನಡೆಸಿತು. ಒಬ್ಬ ಕಂಡದ್ದನ್ನು ನೋಡಿ ಇನ್ನೊಬ್ಬ ಹೊಡೆಯುವುದು ಇದರ ಅರ್ಥ. ಹಂಚಿಕೆ ಎಂಬ ಮಾತಿಗೆ ಇದು ತುತ್ತತುದಿ.

ಬಂಗಾಳ ಕೊಲ್ಲಿಯ ವಿಷಯಕ್ಕೆ ಬಂದರೆ, 1968ರಲ್ಲಿ ಸ್ಥಾಪನೆಯಾದ ಪೂರ್ವ ನೌಕಾ ಕಮಾಂಡಿನ ಕೇಂದ್ರ ವಿಶಾಖಪಟ್ಟಣ. 2013ರ ಆಗಸ್ಟ್ 30ರಂದು ಫ್ರೆಂಚ್ ಗಯಾನದಿಂದ ಹಾರಿಸಿದ ಜಿಸ್ಯಾಟ್-7 ನೌಕಾಪಡೆಗೆಂದೇ ಮಾಡಿದ ಮೊದಲ ಸಂಪರ್ಕ ಉಪಗ್ರಹ. ಅದನ್ನು ಕಕ್ಷೆಯಲ್ಲಿ ಹಿಡಿದು ನಡೆಸಿದ್ದು ಹಾಸನದ ಇಸ್ರೊ ಮುಖ್ಯ ನಿಯಂತ್ರಣ ಕೇಂದ್ರ. ಮರುವರ್ಷವೇ ಬಂಗಾಳ ಕೊಲ್ಲಿಯ ಕವಾಯತಿನಲ್ಲಿ ಸುಮಾರು 60 ಹಡಗುಗಳನ್ನೂ 75 ವಿಮಾನಗಳನ್ನೂ ಅದು ಒಂದೇ ಜಾಲಕ್ಕೆ ತಂದಿತು.

ತೀರದ ಕಣ್ಗಾವಲನ್ನು ಜಾಲಕ್ಕೆ ತರುವ ಕೆಲಸಕ್ಕೆ ಒತ್ತು ಬಂದದ್ದು 2008ರ ನವೆಂಬರಿನ ಮುಂಬಯಿ ದಾಳಿಯಿಂದ. ದಾಳಿಕೋರರು ಬಂದದ್ದು ಕುಬೇರ್ ಎಂಬ ಮೀನುದೋಣಿಯನ್ನು ಅಪಹರಿಸಿ. ಆಮೇಲೆ ಮುಂಬಯಿ, ಕೊಚ್ಚಿ, ವಿಶಾಖಪಟ್ಟಣ, ಪೋರ್ಟ್ ಬ್ಲೇರ್‌ಗಳಲ್ಲಿ ಜಂಟಿ ಕಾರ್ಯಾಚರಣೆ ಕೇಂದ್ರಗಳಾದವು. ಮೊದಲ ಹಂತದಲ್ಲಿ ತೀರದುದ್ದಕ್ಕೂ 46 ಕಡೆ ರೇಡಾರ್, ಕ್ಯಾಮೆರಾಗಳ ಸರಪಳಿ ಹಾಕಿದರು, ಬಹಳಷ್ಟು ಕಡೆ ದೀಪಸ್ತಂಭಗಳ ಮೇಲೆಯೇ. ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆಯ 51 ಕೇಂದ್ರಗಳನ್ನು ಜೋಡಿಸಿದ ಜಾಲದ ತಲೆಯಾಗಿ 2014ರ ನವೆಂಬರ್ 23ರಂದು ಗುರುಗ್ರಾಮದಲ್ಲಿ ಕೇಂದ್ರವೊಂದು ಉದ್ಘಾಟನೆಯಾಯಿತು. ದೊಡ್ಡ ಹಡಗುಗಳು ತಮ್ಮ ಗುರುತನ್ನು ತಾವೇ ಪ್ರಸಾರ ಮಾಡುತ್ತ ಸಾಗುತ್ತವೆ, ಅವನ್ನು ರೇಡಾರ್ ಚುಕ್ಕೆಯ ಜೊತೆ ತಾಳೆ ಹಾಕುವುದು ಸುಲಭ. ಒನ್ ಟೌನ್ ಪಕ್ಕದ ಮೀನುಗಾರಿಕೆ ಬಂದರಿನಿಂದ ನಸುಕಿನಲ್ಲಿ ಹೊರಡುವ ಚಿಕ್ಕ ದೋಣಿಗಳೇ ತಲೆನೋವು. ಮರದ ದೋಣಿ ರೇಡಾರಿನಲ್ಲಿ ಅಲೆಯೋ ದೋಣಿಯೋ ಎಂಬಂತೆ ಕಾಣುತ್ತದೆ. ಆ ನೂರಾರು ಚುಕ್ಕೆಗಳಲ್ಲಿ ಒಂದು ಕುಬೇರ್ ಯಾವುದು ಎಂದು ಹೇಳುವುದು ರೇಡಾರಿನ ಕೆಲಸವಲ್ಲ. ಪಕ್ಕದ ದೋಣಿಯ ಮೀನುಗಾರನೂ ಇಲ್ಲಿ ಒಂದು ಸಂವೇದಕ, ಬಹುಶಃ ಎಲ್ಲಕ್ಕಿಂತ ಅಗ್ಗದ್ದು ಮತ್ತು ನಿಖರವಾದದ್ದು.

ಬೆಂಗಳೂರಿನಿಂದ ಚೌಕಿಗೆ

ಭಾರತದಲ್ಲಿ ಈ ವಿದ್ಯೆಯ ತವರು ಬೆಂಗಳೂರು. 1954ರಲ್ಲಿ ಶುರುವಾದ ಜಾಲಹಳ್ಳಿಯ ಬಿಇಎಲ್, ಸಿ. ವಿ. ರಾಮನ್ ನಗರದ ರೇಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇ, ಕೃತಕ ಬುದ್ಧಿಮತ್ತೆಗೆಂದು 1986ರಲ್ಲೇ ಆರಂಭಿಸಿದ ಸಿಎಐಆರ್, ವಿಮಾನದ ಬೆನ್ನಿಗೆ ರೇಡಾರ್ ಕಟ್ಟುವ ಸಿಎಬಿಎಸ್ ಎಲ್ಲವೂ ಇಲ್ಲಿಯೇ. ಸಿಎಬಿಎಸ್ ಈ ದಾರಿಯಲ್ಲಿ ದೊಡ್ಡ ಬೆಲೆ ತೆತ್ತಿದೆ. ಬೆನ್ನ ಮೇಲೆ ತಟ್ಟೆಯಾಕಾರದ ರೇಡಾರ್ ಕವಚ ಹೊತ್ತ ಅದರ ಪ್ರಯೋಗ ವಿಮಾನ 1999ರ ಜನವರಿ 11ರಂದು ಅರಕ್ಕೋಣಂ ಬಳಿ ಬಿದ್ದು ವಿಜ್ಞಾನಿಗಳೂ ವಾಯುಪಡೆಯವರೂ ಸೇರಿ ಎಂಟು ಮಂದಿ ತೀರಿಕೊಂಡರು. ಕೆಲಸ ವರ್ಷಗಟ್ಟಲೆ ನಿಂತಿತು. ಮತ್ತೆ ಕೈಗೆತ್ತಿಕೊಂಡು ಬ್ರೆಜಿಲ್ಲಿನ ಎಂಬ್ರೇಯರ್ ವಿಮಾನದ ಮೇಲೆ ಕಟ್ಟಿದ ನೇತ್ರ 2017ರ ಏರೋ ಇಂಡಿಯಾದಲ್ಲಿ ವಾಯುಪಡೆಯ ಕೈಸೇರಿತು. ಎರಡು ವರ್ಷದ ಮೇಲೆ ಪಾಕಿಸ್ತಾನದ ಬಾಲಾಕೋಟಿನ ಮೇಲೆ ವಾಯುಪಡೆ ನಡೆಸಿದ ದಾಳಿಯ ಹೊತ್ತಿನಲ್ಲಿ ಅದು ಆಕಾಶದಲ್ಲಿತ್ತು.

1999ರ ಕಾರ್ಗಿಲ್ ಯುದ್ಧದಲ್ಲಿ ಶತ್ರುವಿನ ಫಿರಂಗಿ ಎಲ್ಲಿಂದ ಗುಂಡು ಹಾರಿಸುತ್ತಿದೆ ಎಂದು ಹೇಳುವ ತಕ್ಕ ರೇಡಾರ್ ನಮ್ಮಲ್ಲಿರಲಿಲ್ಲ. ಆ ಕೊರತೆ ತುಂಬಲು ಎಲ್‌ಆರ್‌ಡಿಇ ಮತ್ತು ಬಿಇಎಲ್ ಮಾಡಿದ ಸ್ವಾತಿ, ಹಾರುತ್ತಿರುವ ಗುಂಡಿನ ಬಾಗುದಾರಿಯ ಒಂದು ತುಣುಕನ್ನು ನೋಡಿ ಅದು ಹೊರಟ ಜಾಗವನ್ನು ಹಿಂದಕ್ಕೆ ಲೆಕ್ಕ ಹಾಕುತ್ತದೆ. ಫಿರಂಗಿ ಗುಂಡನ್ನು 30 ಕಿ.ಮೀ. ವರೆಗೆ, ರಾಕೆಟನ್ನು 40 ಕಿ.ಮೀ. ವರೆಗೆ ಹಿಡಿಯುತ್ತದೆ. ಆ ಲೆಕ್ಕ ನಮ್ಮ ಫಿರಂಗಿಯವನಿಗೆ ಒಡನೆ ಮುಟ್ಟದಿದ್ದರೆ ಶತ್ರು ಜಾಗ ಬದಲಿಸಿರುತ್ತಾನೆ. ಸ್ವಾತಿಯ ಬೆಲೆ ಇರುವುದು ಅದರ ಹಿಂದಿನ ಜಾಲದಲ್ಲಿ.

ಕಾವಲು ಚೌಕಿಯ ಒಂದು ರಾತ್ರಿಯನ್ನು ಊಹಿಸಿಕೊಳ್ಳಿ. ಇಳಿಜಾರಿನಲ್ಲಿ ಹುಗಿದ ಕಂಪನ ಗ್ರಾಹಕ ಮಿಡುಕುತ್ತದೆ. ಅದು ಮನುಷ್ಯನೋ ಕಾಡುಹಂದಿಯೋ ಅದಕ್ಕೆ ತಿಳಿಯದು. ಮೂರುಕಾಲಿನ ಮೇಲಿಟ್ಟ ನೆಲಕಾವಲು ರೇಡಾರಿನ ಹೆಡ್‌ಫೋನ್ ಹಾಕಿಕೊಂಡ ಜವಾನ ಚಲಿಸುವ ಗುರಿಯ ಡಾಪ್ಲರ್ ಸದ್ದು ಆಲಿಸುತ್ತಾನೆ. ನಡೆಯುವ ಮನುಷ್ಯನ ಕೈಕಾಲು ಬೀಸುವುದರಿಂದ ಬರುವ ಸದ್ದೇ ಬೇರೆ, ಉರುಳುವ ಗಾಲಿಯದೇ ಬೇರೆ, ಅಭ್ಯಾಸವಾದ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಥರ್ಮಲ್ ಕ್ಯಾಮೆರಾ ನಾಲ್ಕು ಬಿಳಿ ಆಕಾರ ತೋರಿಸುತ್ತದೆ, ಲೇಸರ್ ದೂರ ಹೇಳುತ್ತದೆ. ಈ ನಾಲ್ಕೂ ಕೂಡಿದರೆ ಒಂದು ವಾಕ್ಯವಾಗುತ್ತದೆ: ಇಂಥ ಜಾಗದಲ್ಲಿ ನಾಲ್ವರು, ನಡೆದು ಬರುತ್ತಿದ್ದಾರೆ, ಅರ್ಧ ನಿಮಿಷದ ಹಿಂದಿನ ಮಾತು. ನಡೆಯುವ ಮನುಷ್ಯ ಅರ್ಧ ನಿಮಿಷದಲ್ಲಿ ಸುಮಾರು 40 ಮೀಟರ್ ಸರಿದಿರುತ್ತಾನೆ. ಹಾಗಾಗಿ ಕೊನೆಯ ಆ ನಾಲ್ಕು ಪದಗಳಿಲ್ಲದೆ ಮೊದಲಿನದಕ್ಕೆ ಬೆಲೆಯಿಲ್ಲ. ಗಸ್ತಿಗೆ ಹೊರಟ ತುಕಡಿಗೆ ಬೇಕಾದದ್ದು ಈ ಒಂದು ವಾಕ್ಯ, ಮತ್ತೊಂದು ಸಂಗತಿ: ಆ ನಾಲ್ವರು ನಮ್ಮದೇ ಇನ್ನೊಂದು ಗಸ್ತು ಅಲ್ಲವಷ್ಟೆ?

ಭೂಸೇನೆ ಮತ್ತು ಬಿಇಎಲ್ ಸೇರಿ ಕಟ್ಟಿದ ಸಂಜಯ್ ಎಂಬ ರಣರಂಗ ಕಣ್ಗಾವಲು ವ್ಯವಸ್ಥೆ ಇಂಥ ನೆಲದ ಮತ್ತು ಆಕಾಶದ ಸಂವೇದಕಗಳ ವರದಿಗಳನ್ನು ಪರಿಶೀಲಿಸಿ, ಇಮ್ಮಡಿಯಾದದ್ದನ್ನು ತೆಗೆದು, ಸೇನೆಯ ದತ್ತಾಂಶ ಜಾಲ ಮತ್ತು ಉಪಗ್ರಹದ ಮೂಲಕ ಒಂದು ಚಿತ್ರ ಕೊಡುತ್ತದೆ. ಮಹಾಭಾರತದ ಸಂಜಯ ಕಂಡದ್ದನ್ನು ಕುರುಡು ದೊರೆಗೆ ಹೇಳಿದವನು, ಹೆಸರಿಟ್ಟವರಿಗೆ ಅದು ನೆನಪಿದ್ದೇ ಇರಬೇಕು. 2,402 ಕೋಟಿ ರೂಪಾಯಿಯ ಈ ವ್ಯವಸ್ಥೆಗೆ 2025ರ ಜನವರಿ 24ರಂದು ದೆಹಲಿಯಲ್ಲಿ ಹಸಿರು ನಿಶಾನೆ ತೋರಿಸಲಾಯಿತು. ವಾಯುರಕ್ಷಣೆಗೆ ಆಕಾಶ್‌ತೀರ್ ಎಂಬ ಇನ್ನೊಂದು ವ್ಯವಸ್ಥೆಯಿದೆ. ಅದಕ್ಕಾಗಿ 2023ರ ಮಾರ್ಚಿನಲ್ಲಿ 1,982 ಕೋಟಿ ರೂಪಾಯಿಯ ಒಪ್ಪಂದ ಬಿಇಎಲ್ ಜೊತೆ ಆಯಿತು. 2025ರ ಮೇ 9–10ರ ರಾತ್ರಿ ಪಶ್ಚಿಮ ಗಡಿಗೆ ಡ್ರೋನ್ ಮತ್ತು ಕ್ಷಿಪಣಿಗಳು ಬಂದಾಗ ಆಕಾಶ್‌ತೀರ್ ವಾಯುಪಡೆಯ ನಿಯಂತ್ರಣ ಜಾಲದೊಂದಿಗೆ ಕೂಡಿ ಕೆಲಸ ಮಾಡಿತು.

ಬ್ರಿಗೇಡಿನ ಕೆಳಗೆ ಇಳಿದಾಗ ಕಥೆ ಅಷ್ಟು ಹಸನಾಗಿಲ್ಲ. ಬೆಟಾಲಿಯನ್ನಿನಿಂದ ಜವಾನನವರೆಗೆ ಚಿತ್ರ ಮುಟ್ಟಿಸಬೇಕಿದ್ದ ಬ್ಯಾಟಲ್‌ಫೀಲ್ಡ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಯೋಜನೆಯನ್ನು ವೆಚ್ಚದ ಕಾರಣಕ್ಕೆ 2010ರ ದಶಕದ ಕೊನೆಯಲ್ಲಿ ಬದಿಗಿಟ್ಟರು. ಎಫ್-ಇನ್ಸಾಸ್ ಎಂಬ ಭವಿಷ್ಯದ ಪದಾತಿಯ ಸಜ್ಜು 2022ರ ಆಗಸ್ಟ್ 16ರಂದು ಸೇನೆಗೆ ಹಸ್ತಾಂತರವಾಯಿತು. ಅಮೆರಿಕದಲ್ಲಿ ಎದೆಗೆ ಕಟ್ಟಿಕೊಳ್ಳುವ ಆಂಡ್ರಾಯ್ಡ್ ಫೋನಿನ ಎಟಿಎಕೆ ಎಂಬ ನಕ್ಷೆ 2010ರ ಸುಮಾರಿಗೆ ಬಂದು ಚೆನ್ನಾಗಿ ನೆಲೆಗೊಂಡಿತು. ಅದೇ ಅಮೆರಿಕದಲ್ಲಿ ಮೈಕ್ರೊಸಾಫ್ಟ್‌ನ ಕನ್ನಡಕದ ಮೂಲಕ ಕಣ್ಣೆದುರಿಗೇ ಎಲ್ಲ ತೋರಿಸುವ ಐವಾಸ್ ಯೋಜನೆ ಎಡವಿತು. 2022ರ ಪರೀಕ್ಷೆಯಲ್ಲಿ ಅದನ್ನು ಹಾಕಿಕೊಂಡ ಸೈನಿಕರಿಗೆ ತಲೆನೋವು, ಕಣ್ಣಿನ ಆಯಾಸ, ವಾಕರಿಕೆ ಬಂದವು, 2025ರ ಫೆಬ್ರವರಿಯಲ್ಲಿ ಯೋಜನೆ ಆಂಡುರಿಲ್ ಕಂಪನಿಗೆ ಹೋಯಿತು. ಉಕ್ರೇನಿನವರು ಡೆಲ್ಟಾ, ಕ್ರೊಪಿವಾ ಎಂಬ ತಂತ್ರಾಂಶಗಳನ್ನು ಸಾಮಾನ್ಯ ಟ್ಯಾಬ್‌ಗಳಲ್ಲಿ ಹಾಕಿ ಕೆಲಸ ಸಾಗಿಸಿದರು. ಜವಾನನ ಬೆನ್ನ ಮೇಲೆ ಆಗಲೇ ಗುಂಡು, ನೀರು, ಊಟ ಇವೆ. ಪರದೆ ಕೊಟ್ಟರೆ ಬ್ಯಾಟರಿಯನ್ನೂ ಹೊರಿಸಬೇಕು, ಕತ್ತಲಲ್ಲಿ ಅದರ ಬೆಳಕು ಹೊರಬೀಳದಂತೆ ನೋಡಿಕೊಳ್ಳಬೇಕು, ಬಂದೂಕಿನಿಂದ ಕಣ್ಣು ತೆಗೆದು ಅದನ್ನು ನೋಡುವ ಸೆಕೆಂಡುಗಳ ಲೆಕ್ಕವನ್ನೂ ಹಾಕಬೇಕು.

ತಪ್ಪಿದಾಗ

1988ರ ಜುಲೈ 3ರಂದು ಪರ್ಷಿಯಾ ಕೊಲ್ಲಿಯಲ್ಲಿ ಅಮೆರಿಕದ ವಿನ್ಸೆನ್ಸ್ ಯುದ್ಧನೌಕೆ ಇರಾನಿನ ಪ್ರಯಾಣಿಕ ವಿಮಾನವನ್ನು ಹೊಡೆದು 290 ಜನ ಸತ್ತರು. ಆ ಕಾಲದ ಅತ್ಯುತ್ತಮ ಸಂಯೋಜನೆ ವ್ಯವಸ್ಥೆ ಅದರಲ್ಲಿತ್ತು. ವಿಮಾನ ಮೇಲೇರುತ್ತಿದೆ ಎಂದು ಯಂತ್ರ ಸರಿಯಾಗಿಯೇ ದಾಖಲಿಸಿತ್ತು, ಕೋಣೆಯಲ್ಲಿದ್ದವರು ಇಳಿದು ಬರುತ್ತಿದೆ ಎಂದು ನಂಬಿದರು. ಎರಡು ಹಡಗುಗಳು ಆ ಒಂದು ವಿಮಾನಕ್ಕೆ ಕೊಟ್ಟಿದ್ದ ಎರಡು ಸಂಖ್ಯೆಗಳನ್ನು ಯಂತ್ರ ಒಂದುಗೂಡಿಸಿತ್ತು, ಬಿಟ್ಟುಕೊಟ್ಟ ಸಂಖ್ಯೆ ದೂರದಲ್ಲಿ ಇಳಿಯುತ್ತಿದ್ದ ಬೇರೊಂದು ವಿಮಾನಕ್ಕೆ ಹೋಗಿತ್ತು ಎಂಬುದನ್ನು ನಂತರದ ವಿಶ್ಲೇಷಣೆಗಳು ಎತ್ತಿ ತೋರಿಸಿವೆ. ಹಳೆಯ ಸಂಖ್ಯೆ ಹೇಳಿ ಕೇಳಿದವನಿಗೆ ಯಂತ್ರ ಸುಳ್ಳು ಹೇಳಲಿಲ್ಲ, ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿತು.

2001ರ ಡಿಸೆಂಬರ್ 5ರಂದು ಅಫ್ಘಾನಿಸ್ತಾನದಲ್ಲಿ ನಡೆದದ್ದು ಇನ್ನೂ ಚಿಕ್ಕ ಕಾರಣದಿಂದ. ಬಾಂಬು ಎಲ್ಲಿ ಬೀಳಬೇಕೆಂದು ಗುರುತು ಹಾಕುವ ಜಿಪಿಎಸ್ ಯಂತ್ರದ ಬ್ಯಾಟರಿ ಬದಲಿಸಿದರು. ಬ್ಯಾಟರಿ ಹಾಕಿದೊಡನೆ ಅದು ಗುರಿಯ ಜಾಗದ ಬದಲು ತಾನಿರುವ ಜಾಗವನ್ನು ತೋರಿಸಿತು. ಅದನ್ನೇ ವಿಮಾನಕ್ಕೆ ಹೇಳಿದರು. ಬಾಂಬು ಹೇಳಿದ ಜಾಗಕ್ಕೇ ಬಿತ್ತು. ಮೂವರು ಅಮೆರಿಕನ್ ಸೈನಿಕರೂ ಅವರ ಅಫ್ಘನ್ ಸಂಗಾತಿಗಳೂ ಸತ್ತರು, ಹತ್ತಿರದಲ್ಲಿದ್ದ ಹಮೀದ್ ಕರ್ಜೈ ಸಣ್ಣ ಗಾಯದಲ್ಲಿ ಪಾರಾದರು.

ನಮ್ಮದು 2019ರ ಫೆಬ್ರವರಿ 27ರದು. ಬಾಲಾಕೋಟಿನ ಮರುದಿನ ಆಕಾಶದಲ್ಲಿ ಶತ್ರು ವಿಮಾನಗಳಿದ್ದ ಆತಂಕದ ಬೆಳಿಗ್ಗೆ, ಶ್ರೀನಗರದ ಬಳಿ ಬುಡ್ಗಾಮಿನಲ್ಲಿ ವಾಯುಪಡೆಯದೇ ಕ್ಷಿಪಣಿ ವಾಯುಪಡೆಯದೇ ಎಂಐ-17 ಹೆಲಿಕಾಪ್ಟರನ್ನು ಹೊಡೆಯಿತು. ಆರು ವಾಯುಪಡೆ ಸಿಬ್ಬಂದಿ, ಒಬ್ಬ ಊರಿನವ ಸತ್ತರು. ಅದು ತಮ್ಮ ದೊಡ್ಡ ತಪ್ಪು ಎಂದು ಆಗಿನ ವಾಯುಪಡೆ ಮುಖ್ಯಸ್ಥ ಆರ್. ಕೆ. ಎಸ್. ಭದೌರಿಯಾ ಆ ವರ್ಷದ ಅಕ್ಟೋಬರಿನಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಈ ಮೂರರಲ್ಲಿ ಯಾವುದೂ ಸಂವೇದಕ ಕುರುಡಾದ್ದರಿಂದ ಆದದ್ದಲ್ಲ. ಪರದೆಯ ಮೇಲಿನ ಚುಕ್ಕೆ, ತನ್ನ ಬಗ್ಗೆ ಎಷ್ಟು ಅನುಮಾನ ಪಡಬೇಕೆಂದು ನೋಡುವವನಿಗೆ ಹೇಳಲಿಲ್ಲ.

ಜಾಲವೇ ಕಡಿದುಹೋಗುವುದು ಬೇರೆ ಅಪಾಯ. ಉಕ್ರೇನಿನಲ್ಲಿ ಜಾಮಿಂಗ್ ಎಷ್ಟು ದಟ್ಟವಾಯಿತೆಂದರೆ ಎರಡೂ ಕಡೆಯವರು 2024ರಿಂದ ಕಿಲೋಮೀಟರ್‌ಗಟ್ಟಲೆ ಆಪ್ಟಿಕಲ್ ಫೈಬರ್ ದಾರ ಬಿಚ್ಚುತ್ತ ಹಾರುವ ಡ್ರೋನ್‌ಗಳಿಗೆ ಇಳಿದರು. ಮಾತಾಡುವ ರೇಡಿಯೊ ತಾನಿರುವ ಜಾಗವನ್ನೂ ಹೇಳಿಬಿಡುತ್ತದೆ. ವ್ಯಾಯಾಮದ ಆ್ಯಪ್ ಹಾಕಿಕೊಂಡು ಓಡಿದ ಸೈನಿಕರಿಂದ ಗುಪ್ತ ನೆಲೆಗಳ ನಕ್ಷೆ 2018ರ ಜನವರಿಯಲ್ಲಿ ಜಗಜ್ಜಾಹೀರಾಗಿತ್ತು. ಶತ್ರುವೇ ಬೇಕಿಲ್ಲ, ಗಾಳಿಮಳೆ ಸಾಕು: 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿದಾಗ ಕರೆಂಟೂ ಮೊಬೈಲೂ ದಿನಗಟ್ಟಲೆ ಇರಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹೊಳೆ ಉಕ್ಕಿ ವಿಜಯವಾಡ ಮುಳುಗಿದಾಗ ಪೂರ್ವ ನೌಕಾ ಕಮಾಂಡಿನ ಹೆಲಿಕಾಪ್ಟರ್‌ಗಳು ಬಂದವು, ಡ್ರೋನ್‌ಗಳು ಸಿಂಗ್ ನಗರದ ಮಾಳಿಗೆಗಳಿಗೆ ಊಟದ ಪೊಟ್ಟಣ ಇಳಿಸಿದವು. ಯಾವ ಮಾಳಿಗೆಯ ಮೇಲೆ ಯಾರಿದ್ದಾರೆ ಎಂಬ ಪ್ರಶ್ನೆ ಅಲ್ಲಿಯೂ ಯುದ್ಧದ್ದೇ.

ಸಂಜಯ್ ವ್ಯವಸ್ಥೆಯನ್ನು ಯೋಜಿಸಿರುವುದು ಕೋರ್, ಡಿವಿಷನ್ ಮತ್ತು ಬ್ರಿಗೇಡ್ ಮಟ್ಟಕ್ಕೆ. ಬ್ರಿಗೇಡಿನಿಂದ ಕೆಳಕ್ಕೆ, ಗಸ್ತಿಗೆ ಹೊರಟ ತುಕಡಿಗೆ ಸುದ್ದಿ ಮುಟ್ಟಿಸುವ ಮುಖ್ಯ ಸಾಧನ ಇಂದಿಗೂ ರೇಡಿಯೊ ಸೆಟ್ಟಿನಲ್ಲಿ ಬರುವ ಮನುಷ್ಯನ ದನಿ.